ಕೆನ್ನೆಯ ಮೇಲಿನ ತಾವರೆ

ತಾಂಡೂರಿನಲ್ಲಿ ಯಾರನ್ನು ಕೇಳಿದರೂ ಸಂಗು ಒಳ್ಳೆಯವನು ಎಂದೇ ಹೇಳುತ್ತಾರೆ. ಹೇಳಲಿ ಬಿಡಿ. ನಮ್ಮ ಮನೆಯ ಕೆಳಗಿನ ಮಳಿಗೆಯಲ್ಲಿ ಅವನು ಬಂದು ಕೂತಾಗ ನನ್ನ ತಲೆಯಲ್ಲಿ ಒಂದು ಬಿಳಿ ಕೂದಲಿರಲಿಲ್ಲ, ಈಗ ಹುಡುಕಿದರೂ ಒಂದು ಕರಿ ಕೂದಲು ಸಿಗುವುದಿಲ್ಲ. ಒಳ್ಳೆಯ ಮನುಷ್ಯನೊಬ್ಬ ಎಷ್ಟು ಕೆಡಿಸಬಲ್ಲ ಎಂಬುದನ್ನು ನಾನು ಅವನನ್ನು ನೋಡಿಯೇ ಕಲಿತೆ. ನಾನು ನರ್ಮದಾ, ಟೆಲಿಫೋನ್ ಆಫೀಸಿನಲ್ಲಿ ನೌಕರಿ ಮಾಡಿ ರಿಟೈರ್ ಆದವಳು. ಬಾಯಿ ಜೋರು ಎಂದು ಓಣಿಯಲ್ಲೆಲ್ಲ ಹೆಸರು ಮಾಡಿದ್ದೇನೆ, ಅದಕ್ಕೆ ನನಗೇನೂ ಬೇಜಾರಿಲ್ಲ.

ಸಂಗುವಿನ ಕಸುಬು ಮದುವೆ ವಿಡಿಯೋದ ಮೇಲೆ ಹೆಸರು ಕೂರಿಸುವುದು. ಜಹೀರಾಬಾದಿನಲ್ಲಿ ಯಾವುದೋ ಸ್ಟುಡಿಯೋ ಮುಚ್ಚಿದಾಗ ಅಲ್ಲಿಂದ ಒಂದು ಹಳೆಯ ಕಂಪ್ಯೂಟರನ್ನು ಹಾಸಿಗೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಅಮಿಗಾ ಅಂತ ಅದರ ಹೆಸರು. ಕೀಬೋರ್ಡೇ ಕಂಪ್ಯೂಟರು, ಬೇರೆ ಪೆಟ್ಟಿಗೆ ಇಲ್ಲ. ವಿದೇಶದಲ್ಲಿ ಮಕ್ಕಳು ಮನೆಯಲ್ಲಿ ಆಟವಾಡಲಿಕ್ಕೆ ಇಟ್ಟುಕೊಳ್ಳುತ್ತಿದ್ದರಂತೆ. ಅದರ ಬೆನ್ನಿಗೆ ಜೆನ್‌ಲಾಕ್ ಎಂಬ ಒಂದು ಡಬ್ಬಿ. ಒಂದು ವಿ.ಸಿ.ಆರ್.ನಿಂದ ಮದುವೆಯ ಚಿತ್ರ ಆ ಡಬ್ಬಿಗೆ ಬರುತ್ತದೆ, ಕಂಪ್ಯೂಟರಿನಿಂದ ಅಕ್ಷರ ಬರುತ್ತವೆ, ಎರಡೂ ಕೂಡಿ ಎರಡನೆಯ ವಿ.ಸಿ.ಆರ್.ನ ಕ್ಯಾಸೆಟ್ಟಿನಲ್ಲಿ ಅಚ್ಚಾಗುತ್ತವೆ. ಕಂಪ್ಯೂಟರಿನಲ್ಲಿ ಖಾಲಿ ಬಿಟ್ಟ ಕಡೆ ಮದುವೆ ಕಾಣುತ್ತದೆ, ಬರೆದ ಕಡೆ ಬರೆದದ್ದು ಕಾಣುತ್ತದೆ. ಇಷ್ಟೇ ಅದರ ವಿದ್ಯೆ.

ಆ ಯಂತ್ರಕ್ಕೆ ಇಂಗ್ಲಿಷು ಬಿಟ್ಟು ಬೇರೆ ಭಾಷೆ ಗೊತ್ತಿರಲಿಲ್ಲ. ಸಂಗು ಮೌಸು ಹಿಡಿದು ಒಂದೊಂದೇ ತೆಲುಗು ಅಕ್ಷರವನ್ನು ಚಿತ್ರ ಬರೆದ ಹಾಗೆ ಬರೆದಿಟ್ಟ. ನಾರಾಯಣಖೇಡದ ಕಡೆಯ ಮರಾಠಿ ಮಂದಿಗೆ ಅವರ ಅಕ್ಷರವನ್ನೂ ಮಾಡಿಕೊಟ್ಟ. ಮನೆಮಾತು ಕನ್ನಡವಾದ್ದರಿಂದ ಕನ್ನಡವನ್ನೂ ಬರೆದ. ಅವನ 'ಶ'ದ ಹೊಟ್ಟೆ ಸ್ವಲ್ಪ ಉಬ್ಬಿರುತ್ತದೆ, 'ವಿ'ಯ ಗುಡಿಸು ಬಾಲದ ಹಾಗೆ ಎದ್ದಿರುತ್ತದೆ. ಸುತ್ತಲಿನ ಊರುಗಳಲ್ಲಿ ಯಾರ ಮನೆಯ ಕ್ಯಾಸೆಟ್ಟು ಹಾಕಿದರೂ ಇದು ಸಂಗುನ ಕೈ ಎಂದು ಗುರುತು ಸಿಗುತ್ತಿತ್ತು.

ಈಗ ಮದುವೆಗೆ ಡ್ರೋನ್ ಬರುತ್ತದೆ. ಸಂಗುವಿನ ಯಂತ್ರಕ್ಕೆ ಉಳಿದಿರುವುದು ಕೇಬಲ್‌ನವರ ಲೋಕಲ್ ಚಾನೆಲ್ಲಿನ ಪಟ್ಟಿ ಮಾತ್ರ. ಸಂಜೆಯ ಸಿನಿಮಾದ ಕೆಳಗೆ ಓಡುತ್ತದಲ್ಲ, ಸೀರೆ ಸೇಲು, ಕಳೆದುಹೋದ ಎಮ್ಮೆ, ಹುಟ್ಟುಹಬ್ಬ, ಪುಣ್ಯತಿಥಿ, ಅದು. ಓಣಿಯ ಹುಡುಗರು ಅವನನ್ನು ಡಬ್ಬಾ ಸಂಗು ಎಂದು ಕರೆಯುತ್ತಾರೆ. ಅವನು ನಕ್ಕು ಸುಮ್ಮನಾಗುತ್ತಾನೆ. ಆದರೆ ಯಾರಾದರೂ ಅಪ್ಪಿತಪ್ಪಿ, "ಇದು ಇನ್ನಾ ನಡೀತದೇನೋ ಸಂಗು?" ಅಂತ ಕೇಳಿದರೋ, ಮುಗಿಯಿತು ಕತೆ. ಊಟ ಬಿಟ್ಟು, ಗಿರಾಕಿ ಬಿಟ್ಟು, ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಹೆಸರು ಬರಿಸುವುದು, ಹೂ ಉದುರಿಸುವುದು, ದೀಪ ಹೊತ್ತಿಸುವುದು ಎಲ್ಲ ತೋರಿಸಿಯೇ ಬಿಡಬೇಕು ಅವನಿಗೆ. ಆ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಅವನಿಗೆ ತಿಳಿಯುವುದಿಲ್ಲ.

ಅವನಿಗೆ ಒಬ್ಬಳೇ ತಂಗಿ, ಜಗದೇವಿ. ಅವರದು ಮೂಲ ಕಂಗ್ಟಿ. ಹುಡುಗಿ ಚಿಕ್ಕವಳಿದ್ದಾಗ ಸ್ಟೋವು ಭಗ್ಗೆಂದು ಎದ್ದು ಎಡಗೆನ್ನೆ ಸುಟ್ಟಿತ್ತು, ಕಿವಿಯಿಂದ ಬಾಯಿಯ ತನಕ ಚರ್ಮ ಮುದುಡಿ ಹೊಳೆಯುತ್ತಿತ್ತು. ಕಣ್ಣು ಚಂದ, ಕೈಕೆಲಸ ಚಂದ, ಮಾತು ಚಂದ. ನೋಡಲು ಬಂದ ಗಂಡುಗಳೆಲ್ಲ ಅವಲಕ್ಕಿ ತಿಂದು, ಚಹಾ ಕುಡಿದು, ಹೇಳಿ ಕಳಿಸುತ್ತೇವೆ ಎಂದು ಹೋಗುತ್ತಿದ್ದರು. ಸಂಗು ಫೋಟೋ ತೆಗೆಯುವಾಗ ಪ್ರತಿ ಸಲವೂ, "ಜರಾ ಈ ಕಡಿ ಮಾರಿ ತಿರುಗಿಸು ಜಗ್ಗೂ" ಎನ್ನುತ್ತಿದ್ದ. ಅವಳೂ ತಿರುಗಿಸುತ್ತಿದ್ದಳು. ಆ ಮನೆಯ ಯಾವ ಫೋಟೋದಲ್ಲಿಯೂ ಅವಳಿಗೆ ಎಡಗೆನ್ನೆ ಇಲ್ಲ.

ಕೊನೆಗೆ ಒಪ್ಪಿದವನು ವೀರಭದ್ರ. ತಾಂಡೂರಿನಲ್ಲಿ ಅವನದೊಂದು ಬಂಡೆ ಪಾಲಿಶ್ ಮಾಡುವ ಕಾರ್ಖಾನೆ, ಯಾಲಾಲಿನಲ್ಲಿ ಸ್ವಂತ ಮನೆ. ಮೊದಲ ಹೆಂಡತಿ ಶೈಲಶ್ರೀ ಹೆರಿಗೆಯಲ್ಲಿ ಮಗುವಿನ ಸಮೇತ ತೀರಿಕೊಂಡಿದ್ದಳು. ಅವನ ತಮ್ಮ ಧೂಳಪ್ಪ ಜಗದೇವಿಯನ್ನು ನೋಡಿದವನೇ, "ಈ ಸುಟ್ಟ ಮಾರಿಯಾಕಿನ ತಂದು ನಮ್ಮ ಮನಿ ದೇವರ ಮುಂದ ಕೂಡಸ್ತಿ ಏನು?" ಎಂದು ಅಣ್ಣನಿಗೆ ಅವಳೆದುರಿಗೇ ಕೇಳಿದನಂತೆ. ಕಂಗ್ಟಿಯಲ್ಲಿ ನಡೆದ ಮದುವೆಗೆ ವೀರಭದ್ರನ ಕಡೆಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಅವನು ಒಬ್ಬನೇ ಬಂದು ತಾಳಿ ಕಟ್ಟಿ ಕರೆದುಕೊಂಡು ಹೋದ. ಅಷ್ಟರ ಮಟ್ಟಿಗೆ ಗಂಡಸು.

ಆ ಮದುವೆಯನ್ನು ಸಂಗುವೇ ಶೂಟ್ ಮಾಡಿದ. ಆಮೇಲೆ ಮಳಿಗೆಯ ಬಾಗಿಲು ಹಾಕಿಕೊಂಡು ಟೈಟಲ್ ಮಾಡಲು ಕೂತ. ಮುಗಿದ ಮೇಲೆ, ಅತ್ತಿಗೆ ಎಂದು ಕರೆಯುವ ಸಲಿಗೆಯಲ್ಲಿ, ನನ್ನನ್ನು ಕೂಗಿದ: "ವೈನಿ, ಬರ್ರಿ, ನಮ್ಮ ಜಗ್ಗೂನ ಲಗ್ನ ನೋಡ್ರಿ." ನೋಡಿದೆ. ಅಬ್ಬಬ್ಬಾ! ಗುಲಾಬಿ ಬಣ್ಣದ ತಾವರೆಯೊಂದನ್ನು ಬರೆದಿದ್ದ, ಎಸಳಿಗೆ ಎಸಳು ಬೇರೆ ಬಣ್ಣ. ತಂಗಿಯ ಮುಖ ಬಂದಲ್ಲೆಲ್ಲ ಅದು ಅರಳುತ್ತಿತ್ತು, ಎಡಗೆನ್ನೆಯ ಮೇಲೆಯೇ ಅರಳುತ್ತಿತ್ತು. ಅವಳು ತಲೆಯೆತ್ತಿದರೆ ತಾವರೆಯೂ ಮೇಲೇರುತ್ತಿತ್ತು. ಹೂ ದೊಡ್ಡದು, ಮುಖ ಚಿಕ್ಕದು. ಉಳಿದರ್ಧವನ್ನು ಬಾಸಿಂಗ ಮತ್ತು ಸೆರಗು ನುಂಗಿದ್ದವು. ತಾಳಿ ಕಟ್ಟುವ ಹೊತ್ತಿಗಂತೂ ಪರದೆ ತುಂಬ ಎಸಳು, ಕೆಳಗೆ 'ಚಿ. ವೀರಭದ್ರ, ಚಿ.ಸೌ. ಜಗದೇವಿ' ಎಂಬ ಅವನ ಉಬ್ಬು ಅಕ್ಷರ.

"ಅಲ್ಲೋ ಸಂಗು, ಇದರಾಗ ಹುಡುಗಿ ಎಲ್ಲಿ ಅದಾಳೋ?" ಎಂದೆ.

"ಹೂವಿನ ಹಿಂದ ಅದಾಳಲ್ಲರಿ" ಎಂದು ನಕ್ಕ. "ಮಂದಿ ನೋಡ್ತಾರ ವೈನಿ. ನೋಡಿದವರು ಕೆನ್ನಿ ನೋಡಬೇಕೋ ಲಗ್ನ ನೋಡಬೇಕೋ?"

ಜಗದೇವಿ ಗಂಡನ ಜೊತೆ ಬಂದಾಗ ಅವಳಿಗೂ ತೋರಿಸಿದ. ಅವಳು ಬಾಯಿಗೆ ಸೆರಗು ಹಿಡಿದು ನೋಡಿದಳು. ಕಣ್ಣಲ್ಲಿ ನೀರು ತುಂಬಿಕೊಂಡು, "ನಾ ಚಂದ ಕಾಣಸ್ತೀನಿ, ಅಲ್ಲರಿ ವೈನಿ?" ಎಂದು ನನ್ನನ್ನು ಕೇಳಿದಳು. ಹೂಂ ಎಂದೆ. ಇನ್ನೇನು ಹೇಳಲಿ ಹೇಳಿ?

ಆಗ ಕ್ಯಾಸೆಟ್ಟುಗಳು ತುಟ್ಟಿ. ಕ್ಯಾಮೆರಾದಲ್ಲಿ ತೆಗೆದ ಅಸಲು ಕ್ಯಾಸೆಟ್ಟನ್ನು ಯಾವ ವಿಡಿಯೋದವನೂ ಇಟ್ಟುಕೊಳ್ಳುತ್ತಿರಲಿಲ್ಲ. ಟೈಟಲ್ ಹಾಕಿದ ನಕಲು ತಯಾರಾಯಿತೋ, ಅಸಲಿನ ಮೇಲೆ ಮುಂದಿನ ಮದುವೆ. ಜಗದೇವಿಯ ಅಸಲಿನ ಮೇಲೆ ನಾರಾಯಣಖೇಡದ ಯಾರದೋ ಮದುವೆ ಬಂದು ಕೂತಿತು. ಹೂವಿಲ್ಲದ ಜಗದೇವಿ ಅವತ್ತಿಗೇ ಅಳಿಸಿಹೋದಳು.

ಆಮೇಲೆ ಯಾಲಾಲಿನ ಮನೆಯಲ್ಲಿ ಗಂಡ ಹೆಂಡತಿ ಬಾಳಿದರು. ಮಕ್ಕಳಾಗಲಿಲ್ಲ. ವೀರಭದ್ರ ಹೆಚ್ಚು ಮಾತಾಡುವವನಲ್ಲ, ಕುಡಿಯುವವನೂ ಅಲ್ಲ. ಹೋದ ವರ್ಷ ಕಾರ್ಖಾನೆಯಲ್ಲಿ ಬಂಡೆ ಎತ್ತಿಸುತ್ತ ನಿಂತವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಮಣ್ಣಿಗೆ ಬಂದ ಧೂಳಪ್ಪ ಅಲ್ಲಿಯೇ ಉಳಿದ. ಕರ್ಮ ಮುಗಿಯುವುದರೊಳಗೆ ಕಬ್ಬಿಣದ ಟ್ರಂಕಿನಲ್ಲಿದ್ದ ಮದುವೆಯ ಆಲ್ಬಮ್ಮು ಮಾಯವಾಯಿತು. ಕರ್ಮ ಮುಗಿದ ದಿನ ಅವನು ಪಡಸಾಲೆಯಲ್ಲಿ ನಿಂತು ನಾಲ್ಕು ಜನ ಕೇಳುವ ಹಾಗೆ ಹೇಳಿದ: "ನಮ್ಮಣ್ಣನ ಹೆಂಡತಿ ಒಬ್ಬಾಕಿನೇ, ಶೈಲಶ್ರೀ. ಆಕಿ ಸತ್ತು ಹೋಗ್ಯಾಳ. ಈಕಿನ್ನ ನಮ್ಮಣ್ಣ ಇಟ್ಕೊಂಡಿದ್ದ. ಇಟ್ಕೊಂಡಾವ ಹೋದಮ್ಯಾಲ ಈಕಿಗೆ ಇಲ್ಲಿ ಏನು ಕೆಲಸ?"

ಆಧಾರ್ ಕಾರ್ಡಿನಲ್ಲಿ ಗಂಡನ ಹೆಸರಿರುತ್ತದಲ್ಲ ಎಂದು ನೀವು ಕೇಳಬಹುದು. ಇತ್ತು. "ಕಾರ್ಡಿನಾಗ ಹೇಳಿದ್ದು ಬರೀತಾರ" ಎಂದ ಧೂಳಪ್ಪ. ಅಕ್ಕಪಕ್ಕದವರು ಇದ್ದರಲ್ಲ ಎಂದರೆ, ಹೌದು, ಇದ್ದರು. ಧೂಳಪ್ಪನ ಟ್ರಾಕ್ಟರ್ ಬೇಕಾಗುವ ಅಕ್ಕಪಕ್ಕದವರು. ಲಗ್ನ ನಾವು ನೋಡಿಲ್ಲಪ್ಪ ಎಂದು ನೆಲ ನೋಡಿದರು. ಧಾರೆ ಎರೆದ ಸೋದರಮಾವ ಸತ್ತಿದ್ದ, ಲಗ್ನ ಮಾಡಿಸಿದ ಸ್ವಾಮಿಗಳೂ ಸತ್ತಿದ್ದರು. ಕಂಗ್ಟಿಯ ಉಳಿದ ಮಂದಿ ಹೆಣ್ಣಿನ ಕಡೆಯವರು, ಅವರ ಮಾತು ನಡೆಯುವುದಿಲ್ಲ ಎಂದ ಧೂಳಪ್ಪ. ವಕೀಲರು ಕೋರ್ಟಿಗೆ ಹೋಗಬಹುದು, ಆದರೆ ವರ್ಷಗಟ್ಟಲೆ ಆಗುತ್ತದೆ ಎಂದರು. ನಾನು ಹೋಗು ಎಂದೆ. ಜಗದೇವಿ ಒಪ್ಪಲಿಲ್ಲ.

"ಮನಿ ಹೋದ್ರ ಹೋಗ್ಲಿ ವೈನಿ. ಇಟ್ಕೊಂಡಾಕಿ ಅನ್ನಿಸ್ಕೊಂಡು ನಾ ಸಾಯಂಗಿಲ್ಲ. ನಮ್ಮ ದೈವದ ಮಂದಿ ಕುಂತು, ಹೌದು, ಈಕಿ ವೀರಭದ್ರನ ಹೆಂಡತಿ ಅಂತ ಬಾಯಿಬಿಟ್ಟು ಹೇಳಬೇಕು. ಅಷ್ಟು ಸಾಕು ನನಗ."

ಅವಳ ಹತ್ತಿರ ಉಳಿದದ್ದು ಆ ಕ್ಯಾಸೆಟ್ಟು ಒಂದೇ. ಧೂಳಪ್ಪನ ಕೈಗೆ ಅದು ಸಿಕ್ಕಿರಲಿಲ್ಲ. ಅವಳು ಅದನ್ನು ಜೋಳದ ಹಿಟ್ಟಿನ ಡಬ್ಬಿಯೊಳಗೆ ಹುಗಿದಿಟ್ಟಿದ್ದಳು.

ದೈವದವರು, ಅಂದರೆ ಅವರ ಜಾತಿಯ ಹಿರಿಯರು, ಬಸವಣ್ಣನ ಗುಡಿಯ ಮುಂದಿನ ಮಂಟಪದಲ್ಲಿ ಕೂಡುವುದೆಂದಾಯಿತು. ಕ್ಯಾಸೆಟ್ಟು ಹಾಕಲು ದೊಡ್ಡ ಹಳೆಯ ಟಿ.ವಿ. ಬೇಕಿತ್ತು, ಅದು ಇದ್ದದ್ದು ನಮ್ಮ ಮನೆಯಲ್ಲಿ. ನನ್ನ ಟಿ.ವಿ. ಹೋದಲ್ಲಿಗೆ ನಾನೂ ಹೋಗುತ್ತೇನೆ ಎಂದು ಆಟೋ ಹತ್ತಿದೆ. ನಮ್ಮ ಜಾತಿ ಬೇರೆ, ನಿಮಗೇನು ಕೆಲಸ ಎಂದು ಯಾರೋ ಗೊಣಗಿದರು. ನಾನು ನೋಡಿದ ನೋಟಕ್ಕೆ ಸುಮ್ಮನಾದರು. ಜಗದೇವಿ ಕಂಬಕ್ಕೆ ಆತುಕೊಂಡು ಕೂತಳು, ನಾನು ಅವಳ ಪಕ್ಕಕ್ಕೆ ಕೂತೆ. ಹಿರಿಯರ ಮುಖ್ಯಸ್ಥ ಶಿವಶಂಕರಪ್ಪ, ತೊಗರಿ ವ್ಯಾಪಾರಿ. ನ್ಯಾಯ ಗೊತ್ತಿದ್ದ ಮನುಷ್ಯ, ಆದರೆ ಬೇಗ ಮುಗಿದರೆ ಸಾಕು ಎನ್ನುವ ಜಾತಿ.

ಕ್ಯಾಸೆಟ್ಟು ಓಡಿತು. ಟೇಪಿಗೆ ಬೂಷ್ಟು ಹಿಡಿದಿತ್ತು, ಚಿತ್ರ ನಡುಗುತ್ತಿತ್ತು, ಆದರೂ ವೀರಭದ್ರ ಎಲ್ಲರಿಗೂ ಗುರುತು ಸಿಕ್ಕ. ಜಗದೇವಿ ಗಂಡನ ಮುಖ ನೋಡಿ ಕೈ ಮುಗಿದಳು.

"ಇದಾ ಮತ್ತ!" ಎಂದ ಧೂಳಪ್ಪ, ಗೆದ್ದವನ ಹಾಗೆ. "ಇದು ನಮ್ಮಣ್ಣನ ಮೊದಲನೇ ಲಗ್ನ. ಅಲ್ಲಿ ಕುಂತಾಕಿ ಶೈಲಶ್ರೀ. ನಮ್ಮ ಮನ್ಯಾಗಿನ ಕ್ಯಾಸೆಟ್ಟು ಕದ್ದು ತಂದು ಹೆಸರು ಬದಲಿ ಮಾಡ್ಯಾರ, ನಮ್ಮ ಮಂದಿನ್ನ ಹೂವಿನಾಗ ಮುಚ್ಚ್ಯಾರ."

"ಇದು ನಿನ್ನ ಲಗ್ನ ಆದ್ರ ನಿಮ್ಮವ್ವ ಎಲ್ಲಿ ಅದಾಳವಾ?" ಎಂದು ಕೇಳಿದರು ಶಿವಶಂಕರಪ್ಪ.

"ನಮ್ಮವ್ವ ಮನಿ ಒಳಗಿದ್ದಳು" ಎಂದಳು ಜಗದೇವಿ.

"ಕಾಣಸಂಗಿಲ್ಲಲ್ಲವಾ" ಎಂದರು ಶಿವಶಂಕರಪ್ಪ.

"ಗಂಡ ಸತ್ತಾಕಿ ಹಂದರದಾಗ ಹ್ಯಾಂಗ ಬರ್ತಾಳ್ರಿ? ಅಡಗಿ ಮನ್ಯಾಗ ಕುಂತಿದ್ದಳು."

"ನಿಮ್ಮಣ್ಣ?"

"ಕ್ಯಾಮೆರಾದ ಹಿಂದ ಇದ್ದ."

ಯಾರೋ ನಕ್ಕರು. ಆಗ ಸಂಗು ಎದ್ದು ನಿಂತ. "ಹೆಸರು ನೋಡ್ರಿ ಯಜಮಾನ್ರ. ಜಗದೇವಿ ಅಂತ ಅದ. ಈ ಅಕ್ಷರ ನನ್ನವು, ನಾನೇ ಬರದದ್ದು. ಇಡೀ ಜಿಲ್ಲಾದಾಗ ಮತ್ತ್ಯಾರ ಹಂತೇಕೂ ಇಲ್ಲ. ಯಾವ ಕಂಪ್ಯೂಟರ್ ಅಂಗಡಿಯಾಂವನೂ ಇವನ್ನ ತರಾಕ ಆಗಂಗಿಲ್ಲ."

ಮಾತು ಅಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು! ಹಿರಿಯರಲ್ಲಿ ಇಬ್ಬರು ತಲೆಯಾಡಿಸಿದ್ದರು. ಧೂಳಪ್ಪನ ದನಿ ಒಮ್ಮೆಗೇ ಮೆತ್ತಗಾಯಿತು.

"ಆ ಡಬ್ಬಾದಾಗ ಇಷ್ಟೆಲ್ಲಾ ಆಗ್ತದೇನೋ ಸಂಗು? ನನಗೇನೋ ನಂಬಿಕಿ ಬರವಲ್ದು. ಈಗ ಅದು ಕೆಟ್ಟು ಹೋಗಿರಬೇಕಲ್ಲ?"

"ಕೆಟ್ಟು ಹೋಗತದ? ಈಗ ತಂದು ತೋರಸ್ತೀನಿ!"

ನಾನು ಅವನ ತೋಳು ಹಿಡಿದು ಎಳೆದೆ. "ಏ ಹುಚ್ಚಪ್ಪ, ಸುಮ್ನ ಕೂಡು. ನಿನ್ನ ಯಂತ್ರದ ನ್ಯಾಯ ಅಲ್ಲ ಇದು, ತಂಗಿದು." ಅವನು ನನ್ನ ಕೈ ಬಿಡಿಸಿಕೊಂಡ. "ಯಂತ್ರ ಖರೇ ಅಂತ ಗೊತ್ತಾದ್ರ ಕ್ಯಾಸೆಟ್ಟೂ ಖರೇ ಅಂತ ಗೊತ್ತಾಗ್ತದ ವೈನಿ" ಎಂದು ಓಡಿದ. ಅವನ ಲೆಕ್ಕ ಅಷ್ಟೇ ಉದ್ದ. ಎದುರಿನವನು ಮುಂದೆ ಏನು ಕೇಳುತ್ತಾನೆ ಎಂಬುದು ಅವನ ತಲೆಗೆ ಹೋಗಲೇ ಇಲ್ಲ.

ಆಟೋದಲ್ಲಿ ಯಂತ್ರ ಬಂತು. ಮಂಟಪದ ಕಟ್ಟೆಯ ಮೇಲೆ ಬಟ್ಟೆ ಹಾಸಿ, ವೈರು ಜೋಡಿಸಿ, ಅದೇ ಕ್ಯಾಸೆಟ್ಟಿನಲ್ಲಿ ಹೂ ಇಲ್ಲದ ಒಂದು ಜಾಗ ಹುಡುಕಿ ನಿಲ್ಲಿಸಿದ. ವೀರಭದ್ರ ಒಬ್ಬನೇ ಬಾಸಿಂಗ ಕಟ್ಟಿಕೊಂಡು ನಿಂತ ದೃಶ್ಯ. ಜನ ಮುಂದಕ್ಕೆ ಸರಿದರು.

"ಯಾವ ಹೆಸರು ಬರೀಲಿ?" ಎಂದ ಸಂಗು. ಅವನ ಮುಖ ಹೊಳೆಯುತ್ತಿತ್ತು. ಇಷ್ಟು ಮಂದಿ ಅವನ ಯಂತ್ರದ ಸುತ್ತ ನಿಂತು ಅದೆಷ್ಟು ಕಾಲವಾಗಿತ್ತೋ.

ಧೂಳಪ್ಪ ಸುತ್ತ ನೋಡಿದ. ಮೂಲೆಯಲ್ಲಿ ಗುಡಿಯ ಕಸ ಹೊಡೆಯುವ ಮುದುಕಿ ಸಾಬಮ್ಮ ಪೊರಕೆ ಹಿಡಿದು ನಿಂತಿದ್ದಳು. "ವೀರಭದ್ರ, ಸಾಬಮ್ಮ ಅಂತ ಬರಿ" ಎಂದ.

ಬರೆದ! ನನ್ನ ಕಣ್ಣಾರೆ ನೋಡಿದೆ. ಕೀ ಒತ್ತಿದ, 'ಚಿ. ವೀರಭದ್ರ, ಚಿ.ಸೌ. ಸಾಬಮ್ಮ' ಎಂದು ಉಬ್ಬು ಅಕ್ಷರದಲ್ಲಿ ಸತ್ತವನ ಎದೆಯ ಮೇಲೆ ಬಂತು. ಮಂಟಪ ನಗೆಯಿಂದ ಬಿರಿಯಿತು. ಸಾಬಮ್ಮ ಪೊರಕೆ ಒಗೆದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಗುವನ್ನು ಮೆಚ್ಚುಗೆ ಎಂದು ತಿಳಿದ ಸಂಗು ಇನ್ನೊಂದು ಕೀ ಒತ್ತಿದ. ತಾವರೆ ಅರಳಿತು, ಅದೇ ತಾವರೆ, ವೀರಭದ್ರನ ಮುಖ ಮುಚ್ಚಿತು. ಮತ್ತೊಂದು ಕೀ ಒತ್ತಿದ. ತಾವರೆ ಹೋಯಿತು, ಮುಖ ಬಂತು. "ವಾಹ್!" ಎಂದರು ಶಿವಶಂಕರಪ್ಪ.

ಆಗ ಜಗದೇವಿ ಎದ್ದಳು. ಇಡೀ ದಿನ ಬಾಡಿದ್ದ ಮುಖದಲ್ಲಿ ಕಳೆ ಬಂದಿತ್ತು. ಎಲ್ಲರ ನಡುವೆ ನಡೆದು ಹೋಗಿ ಅಣ್ಣನ ಭುಜದ ಮೇಲೆ ಕೈ ಇಟ್ಟಳು.

"ಅಣ್ಣಾ, ಹೂ ಹೋಗ್ತದಲ್ಲ! ನನ್ನ ಮ್ಯಾಲಿಂದೂ ತೆಗಿ. ತಾಳಿ ಕಟ್ಟುವಾಗ ಹಾಕಿದ್ದು ತೆಗಿ. ನನ್ನ ಕೆನ್ನಿ ನೋಡ್ಲಿ ಇವರು. ಶೈಲಶ್ರೀಗ ಇಂಥಾ ಕೆನ್ನಿ ಇತ್ತೇನು ಕೇಳು ಅವನಿಗೆ!"

ಎಡಗೆನ್ನೆಯ ಮೇಲಿನ ಸೆರಗನ್ನು ತಾನೇ ಸರಿಸಿ ಹಿರಿಯರ ಕಡೆಗೆ ತಿರುಗಿದಳು. ಚಿಕ್ಕಂದಿನಿಂದ ಮುಚ್ಚಿಕೊಂಡು ಬಂದದ್ದನ್ನು ಬಿಸಿಲಿಗೆ ಹಿಡಿದು ನಿಂತಳು. ಧೂಳಪ್ಪನ ಮುಖ ಒಂದು ಗಳಿಗೆ ಬಿಳಿಚಿತು.

ಸಂಗು ಕೀಬೋರ್ಡಿನಿಂದ ಕೈ ತೆಗೆದ. "ಅದು ಬರಂಗಿಲ್ಲ ಜಗ್ಗೂ."

"ಈಗ ಬಂತಲ್ಲ?"

"ಇದು ಈಗ ಹಾಕಿದ್ದು. ಅದು ಟೇಪಿನಾಗೇ ಅಚ್ಚಾಗ್ಯಾದ. ಅದರ ಹಿಂದ ಈಗ ಏನೂ ಇಲ್ಲ."

"ಅಸಲು ಕ್ಯಾಸೆಟ್ಟು?"

"ಅದರ ಮ್ಯಾಲ ನಾರಾಯಣಖೇಡದ ಲಗ್ನ ತಗದೆ."

ಅವಳು ಕೈ ಕೆಳಗಿಳಿಸಿದಳು. "ಯಾಕ ಹಾಕಿದೆಣ್ಣ ಆ ಹೂ?" ಎಂದು ಕೇಳಿದಳು. ಸಿಟ್ಟಿನಿಂದಲ್ಲ, ನಿಜವಾಗಿ ಗೊತ್ತಿಲ್ಲದವಳ ಹಾಗೆ. ಅಷ್ಟು ಜನರ ಮುಂದೆ ಅವನು ಏನು ಹೇಳುತ್ತಾನೆ? ನಿನ್ನ ಮುಖ ತೋರಿಸಲು ನಾಚಿಕೆಯಾಗಿತ್ತು ಎನ್ನುತ್ತಾನೆಯೇ? ವೈರು ಸುತ್ತಿಕೊಳ್ಳತೊಡಗಿದ.

ಧೂಳಪ್ಪನಿಗೆ ಅಷ್ಟು ಸಾಕಾಗಿತ್ತು. "ಕೇಳಿದ್ರ್ಯಾ ಯಜಮಾನ್ರ? ಈಗ ಯಾರ ಹೆಸರು ಬೇಕಾದ್ರ ಬರೀತಾನ, ಯಾವ ಮಾರಿ ಬೇಕಾದ್ರ ಮುಚ್ಚತಾನ. ಅಕ್ಷರ ಇವನವೇ, ಯಂತ್ರ ಇವನದೇ, ತಂಗಿ ಇವನಾಕಿನೇ. ಇವನು ಬರದಾನಂತ ಲಗ್ನ ಆತು ಅಂದ್ರ, ಸಾಬಮ್ಮನೂ ಇವತ್ತಿಂದ ನನಗ ವೈನಿನ ಆದಳಲ್ಲ?"

ಮತ್ತೆ ನಗು. ಶಿವಶಂಕರಪ್ಪ ಕೆಮ್ಮಿ, ಗಡಿಯಾರ ನೋಡಿ, ಸಾಬೀತಾಗಲಿಲ್ಲ ಎಂದರು. ಹೆಣ್ಣುಮಗಳು ಇಷ್ಟು ವರ್ಷ ಸೇವೆ ಮಾಡಿದ್ದಾಳೆ, ಉಟ್ಟ ಬಟ್ಟೆ ಪಾತ್ರೆ ಪಗಡೆ ಒಯ್ಯಲಿ ಎಂದೂ ಸೇರಿಸಿದರು. ಸೇವೆಯಂತೆ! ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಎಲ್ಲರೂ ಚಪ್ಪಲಿ ಹುಡುಕುತ್ತಿದ್ದರು. ಕೋರ್ಟಿಗೆ ಹೋಗೋಣ ಎಂದು ಆಟೋದಲ್ಲಿ ಮತ್ತೆ ಹೇಳಿದೆ. "ಅಲ್ಲಿಗೂ ಇದನ್ನೇ ಒಯ್ಯಬೇಕಲ್ಲರಿ" ಎಂದಳು ಜಗದೇವಿ, ಕ್ಯಾಸೆಟ್ಟು ತೋರಿಸಿ. ಆಮೇಲೆ ಆ ಮಾತು ಎತ್ತಲು ಬಿಡಲಿಲ್ಲ.

ಈಗ ಅವಳು ಸಂಗುವಿನ ಮಳಿಗೆಯ ಹಿಂದಿನ ಕೋಣೆಯಲ್ಲಿದ್ದಾಳೆ. ಅಣ್ಣನಿಗೆ ರೊಟ್ಟಿ ಬಡಿದು ಹಾಕುತ್ತಾಳೆ. ಇಬ್ಬರೂ ಮಾತಾಡುವುದು ಕಡಿಮೆ. ಸಂಗು ನನ್ನ ಕಣ್ಣು ತಪ್ಪಿಸುತ್ತಾನೆ. ತಂಗಿಗಾಗಿ ಮಾಡಿದೆ ವೈನಿ, ಎಂದು ಒಂದು ದಿನ ಅಳುತ್ತ ಹೇಳಿದ. ನಿನಗಾಗಿ ಮಾಡಿದಿ, ಆಗಲೂ ಈಗಲೂ, ಎಂದು ಬಾಗಿಲು ಹಾಕಿಕೊಂಡೆ.

ಮೊನ್ನೆ ವೀರಭದ್ರನ ವರ್ಷದ ಪುಣ್ಯತಿಥಿ. ಧೂಳಪ್ಪ ಕೇಬಲ್ ಮಾಲೀಕನಿಗೆ ಪಟ್ಟಿ ಕೊಟ್ಟಿದ್ದ, ಮಾಲೀಕ ಅದನ್ನು ಸಂಗುವಿಗೆ ಕಳಿಸಿದ್ದ. ಒಲ್ಲೆ ಎನ್ನಬಹುದಿತ್ತು. ಅನ್ನಲಿಲ್ಲ. ಸಂಜೆ ನಮ್ಮ ಮನೆಯಲ್ಲಿ ಜಗದೇವಿ ಶೇಂಗಾ ಸುಲಿಯುತ್ತ ಕೂತಿದ್ದಳು. ಸಿನಿಮಾದ ಕೆಳಗೆ ಹೊಟ್ಟೆ ಉಬ್ಬಿದ ಆ ಅಕ್ಷರಗಳು ಓಡಿ ಬಂದವು: 'ದಿ. ವೀರಭದ್ರ ಅವರ ಪ್ರಥಮ ಪುಣ್ಯಸ್ಮರಣೆ, ಧರ್ಮಪತ್ನಿ ದಿ. ಶೈಲಶ್ರೀ'. ಪಕ್ಕದಲ್ಲಿ ಗುಲಾಬಿ ತಾವರೆ. ನಾನು ರಿಮೋಟಿಗೆ ಕೈ ಹಾಕಿದೆ. ಅವಳು ನನ್ನ ಕೈ ಹಿಡಿದಳು.

ಪಟ್ಟಿ ಪೂರ್ತಿ ಹೋಗುವ ತನಕ ನೋಡಿದಳು. ಆಮೇಲೆ ಮೊರವನ್ನು ತೊಡೆಯ ಮೇಲೆ ಎಳೆದುಕೊಂಡು, "ಈ ಸಲ ಹೂ ಯಾರ ಮಾರಿ ಮ್ಯಾಲೂ ಬಂದಿಲ್ಲ, ನೋಡ್ರಿ ವೈನಿ" ಎಂದಳು.